ಏಳನೇ ನಂಬರಿನ ಹುಡುಗಿ

“ಫೋನ್ ಇಲ್ಲಿ ಕೊಡಮ್ಮ, ನಾನೇ ಒತ್ತಿ ಕೊಡ್ತೀನಿ,” ಎಂದು ಅಜ್ಜಿ ಬಾಗಿಲಲ್ಲೇ ಕೈಚಾಚಿದಳು.

ಎದುರು ಮನೆಯ ದರ್ಜಿಯ ಹೆಂಡತಿ ಒದ್ದೆ ಕೈ ಒರೆಸಿಕೊಂಡು ಫೋನ್ ತಂದಳು. “ಏಳು ತಾನೆ ಅಜ್ಜಿ? ನಾನೇ ಒತ್ತೋಣ ಅಂತಿದ್ದೆ.”

“ನಿಂಗ್ಯಾಕೆ ತೊಂದರೆ. ಒಂದು ಅಂಕಿ ಆಚೀಚೆ ಆದ್ರೆ ಇನ್ಯಾರಿಗೋ ಹೋಗುತ್ತೆ.”

ಅಜ್ಜಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೆರಳು ಈಗಲೂ ಚುರುಕು. ಹತ್ತು ಮಿಸ್ಡ್ ಕಾಲ್ ಕೊಟ್ಟು, ಕರೆಗಳ ಪಟ್ಟಿಯನ್ನು ಅಳಿಸಿ, ಫೋನ್ ಹಿಂದಿರುಗಿಸಿದಳು. “ಕಸ ಯಾಕೆ ಇರ್ಬೇಕು ಅಂತ ತೆಗೆದೆ.”

“ಗುಬ್ಬಿ ಗೆದ್ದೇ ಗೆಲ್ತಾಳೆ ಬಿಡಿ.”

“ಅವಳಿಗೋಸ್ಕರವೇ ಅಲ್ವಾ ಈ ವಯಸ್ಸಲ್ಲಿ ಮೆಟ್ಟಿಲು ಹತ್ತಿಳೀತಿರೋದು,” ಎಂದು ಅಜ್ಜಿ ಮುಂದಿನ ಬಾಗಿಲು ತಟ್ಟಿದಳು.

ಟೀವಿಯ ಹಾಡಿನ ಸ್ಪರ್ಧೆ ಕೊನೆಯ ಹಂತಕ್ಕೆ ಬಂದಿತ್ತು. ಫೈನಲ್‌ನಲ್ಲಿ ಒಂದೇ ಸ್ಥಾನ ಬಾಕಿ, ಅದಕ್ಕೆ ಇಬ್ಬರ ಪೈಪೋಟಿ: ನಾಲ್ಕನೇ ನಂಬರಿನ ಲಿಫ್ಟ್ ಮೆಕ್ಯಾನಿಕ್, ಏಳನೇ ನಂಬರಿನ ಗುಬ್ಬಿ, ಅಜ್ಜಿಯ ಹನ್ನೆರಡು ವರ್ಷದ ಮೊಮ್ಮಗಳು. ಚಾನೆಲ್ ಕೊಟ್ಟ ನಂಬರಿನ ಕೊನೆಯಲ್ಲಿ ತಮಗೆ ಬೇಕಾದವರ ಅಂಕಿ ಒತ್ತಬೇಕು. ಒಂದು ಫೋನಿಗೆ ಹತ್ತು ಮತ. ಶನಿವಾರ ಬೆಳಗ್ಗೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಸಮಯ.

ಅಜ್ಜಿ ಹೀಗೆ ಬೀದಿಗಿಳಿದದ್ದು ಆ ವಾರವೇ ಮೊದಲು. ಅಲ್ಲಿಯವರೆಗೆ ಅವಳಿಗೆ ಈ ಸ್ಪರ್ಧೆ ಕಂಡರಾಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು.

ಎಂಟು ದಿನದ ಹಿಂದೆ ಗುಬ್ಬಿ ಅಭ್ಯಾಸ ಮುಗಿಸಿ ಬಂದು ಬಾಯಿ ಮುಕ್ಕಳಿಸಿದಾಗ ನೀರು ಕೆಂಪಗಾಗಿತ್ತು. ಅಜ್ಜಿಯೇ ಗಂಟಲು ಡಾಕ್ಟರ ಬಳಿ ಕರೆದೊಯ್ದಳು. ಎರಡು ತಿಂಗಳು ಪಿಸುಮಾತೂ ಕೂಡದು, ಹೀಗೇ ಹಾಡಿಸಿದರೆ ಇನ್ನು ಹದಿನೈದು ದಿನದಲ್ಲಿ ದನಿ ಹೋಗುತ್ತದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು.

ಅಳಿಯ ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ತನ್ನ ಡ್ರೈವಿಂಗ್ ಶಾಲೆಗೆ ಬೀಗ ಹಾಕಿ ಐದು ತಿಂಗಳಿಂದ ಮಗಳ ಹಿಂದೆಯೇ ತಿರುಗುತ್ತಿದ್ದವನು. ಮಾರನೆಯ ದಿನ ಬೇರೆ ಯಾರ ಬಳಿಯೋ ಗುಬ್ಬಿಗೆ ಇಂಜೆಕ್ಷನ್ ಹಾಕಿಸಿ ತಂದ. ದನಿ ತಿಳಿಯಾಯಿತು. ಗುಬ್ಬಿಯ ತಾಯಿ ಗಂಡನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಅಡುಗೆಮನೆಗೆ ಹೋದಳು.

“ಕಾರು ಕಲಿಸೋವಾಗ ನಿಮ್ಮ ಕಾಲಡಿನೂ ಒಂದು ಬ್ರೇಕ್ ಇರುತ್ತಲ್ಲ,” ಎಂದಳು ಅಜ್ಜಿ. “ಅದನ್ನ ಇಲ್ಲೂ ಒತ್ತಿ.”

“ದಡ ಮುಟ್ಟೋ ಹೊತ್ತಲ್ಲಿ ಹರಿಗೋಲು ಬಿಡು ಅಂತೀರಲ್ಲ ಅತ್ತೆ. ಫೈನಲ್ ಒಂದು ಹಾಡಿಬಿಡ್ಲಿ. ಆಮೇಲೆ ಎರಡಲ್ಲ, ಆರು ತಿಂಗಳು ಸುಮ್ನಿರ್ಲಿ.”

ಮೂರು ದಿನ ಅಜ್ಜಿ ಅಳಿಯನೊಡನೆ ಮಾತು ಬಿಟ್ಟಳು. ಗುಬ್ಬಿ ಸ್ಟುಡಿಯೋಗೆ ಹೊರಟು ನಿಂತಾಗ, “ಗೆಲ್ಲಬೇಕು ಅಂತ ತುಂಬಾ ಆಸೆನಾ ಕಂದಾ?” ಎಂದು ಕೇಳಿದಳು. ಮಾತಾಡಬಾರದೆಂದು ಅಪ್ಪ ಹೇಳಿದ್ದರಿಂದ ಹುಡುಗಿ ಜೋರಾಗಿ ತಲೆಯಾಡಿಸಿದಳು.

ನಾಲ್ಕನೆಯ ದಿನ ಅಜ್ಜಿ ತಾನಾಗಿಯೇ ಅಳಿಯನಿಗೆ ಫೋನ್ ಮಾಡಿದಳು. “ನಮ್ಮ ಬೀದಿ, ಹಿಂದಿನ ಬೀದಿ ಎರಡನ್ನೂ ನಂಗೆ ಬಿಡಿ. ಮಗುಗೆ ಬೇಗ ಬಿಡುಗಡೆ ಆಗ್ಬೇಕು, ಅಷ್ಟೇ.”

ಅತ್ತೆ ಕೊನೆಗೂ ದಾರಿಗೆ ಬಂದರು ಎಂದು ಅಳಿಯ ಹಿಗ್ಗಿದ.

ಆ ಎರಡೂ ದಿನ ಮಂಡಿನೋವಿನಲ್ಲೇ ಅಜ್ಜಿ ಮನೆಮನೆ ಹತ್ತಿಳಿದು ನೂರ ಅರವತ್ತು ಫೋನ್ ಒತ್ತಿದಳು. ಯಾರೂ ಇಲ್ಲ ಎನ್ನಲಿಲ್ಲ. ಇಸ್ತ್ರಿ ಅಂಗಡಿಯವನಂತೂ ಗಿರಾಕಿಗಳ ಫೋನನ್ನೂ ಇಸಿದುಕೊಂಡು ಕೊಟ್ಟ.

ಭಾನುವಾರ ಸಂಜೆ ನೇರಪ್ರಸಾರ. ಗುಬ್ಬಿ ಒಂದು ಸ್ವರವೂ ಜಾರದಂತೆ ಹಾಡಿದಳು. ತೀರ್ಪುಗಾರರು ಎದ್ದು ನಿಂತರು. ನಿರೂಪಕಿ ಲಕೋಟೆ ಒಡೆದಳು. ಒಂಬೈನೂರು ಮತಗಳ ಅಂತರದಿಂದ ಲಿಫ್ಟ್ ಮೆಕ್ಯಾನಿಕ್ ಫೈನಲ್‌ಗೆ ಹೋದ. ಕ್ಯಾಮೆರಾ ಗುಬ್ಬಿಯ ಮುಖವನ್ನು ಬಹಳ ಹೊತ್ತು ಬಿಡಲಿಲ್ಲ. ಅಜ್ಜಿ ಟೀವಿ ಆರಿಸಿದಳು.

ಅಳಿಯ ಕೆಂಡವಾಗಿ ಬಂದ. “ಬರೀ ಒಂಬೈನೂರು. ನಮ್ಮ ಬೀದಿಯವರೇ ಯಾರೋ ಕೈಕೊಟ್ಟಿದ್ದಾರೆ.” ಅವನ ಅನುಮಾನ ಎದುರು ಮನೆಯ ದರ್ಜಿಯ ಮೇಲೆ ಬಿತ್ತು, ಅವನ ಮಗಳನ್ನು ಮೊದಲ ಸುತ್ತಿನಲ್ಲೇ ವಾಪಸು ಕಳಿಸಿದ್ದರು. ನಡುಬೀದಿಯಲ್ಲಿ ಮಾತಿಗೆ ಮಾತು ಬೆಳೆಯಿತು. ದರ್ಜಿಯ ಹೆಂಡತಿ ಅಳುತ್ತಾ, “ಅಜ್ಜೀನೇ ಕೇಳಿ, ಫೋನ್ ಕೊಟ್ಟಿದ್ನೋ ಇಲ್ವೋ,” ಎಂದಳು. “ಕೊಟ್ಟಿದ್ಳು,” ಎಂದಳು ಅಜ್ಜಿ. ಅಳಿಯನಿಗೆ ಅದು ಕೇಳಿಸಲಿಲ್ಲ. ಇಪ್ಪತ್ತು ವರ್ಷದ ನೆರೆಹೊರೆ ಅಂದೇ ಮುರಿಯಿತು.

ಎರಡು ತಿಂಗಳು ಗುಬ್ಬಿ ಮೌನವಾಗಿದ್ದಳು. ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, “ಗಾಯ ಪೂರ್ತಿ ಮಾಗಿದೆ. ಇನ್ನು ಎಷ್ಟು ಬೇಕಾದರೂ ಹಾಡಮ್ಮ,” ಎಂದರು.

ಗುಬ್ಬಿ ಮಾತಾಡಿದಳು. ನಕ್ಕಳು. ತಾಯಿಯೊಡನೆ ಜಗಳವನ್ನೂ ಆಡಿದಳು. ಹಾಡಲಿಲ್ಲ. ಒಂದು ತಿಂಗಳಾಯಿತು, ಆರಾಯಿತು. ಸಂಗೀತದ ಮೇಷ್ಟ್ರು ಬಂದು ಕಾದು ಹಿಂದಿರುಗಿದರು.

ಒಂದು ಮಧ್ಯಾಹ್ನ ತಲೆ ಬಾಚುತ್ತಾ ಅಜ್ಜಿ ಮೆಲ್ಲಗೆ ಕೇಳಿದಳು. “ಒಂದೇ ಒಂದು ಸಾಲು ಹೇಳೇ. ನಂಗೋಸ್ಕರ.”

“ಬೇಡ ಅಜ್ಜಿ. ದೂರದವರು ಒತ್ತಲಿಲ್ಲ ಅಂದ್ರೆ ಹೋಗ್ಲಿ. ಇಲ್ಲಿಯವರೂ ಒತ್ತಲಿಲ್ವಂತಲ್ಲ. ನನ್ನನ್ನ ಎತ್ತಿ ಆಡಿಸಿದವರು.” ಹುಡುಗಿಯ ದನಿ ಗಾಜಿನಷ್ಟು ತಿಳಿಯಾಗಿತ್ತು. “ನಂಗೆ ಅಂತ ಕೊನೇವರೆಗೂ ಒತ್ತಿದವಳು ನೀನೊಬ್ಬಳೇ.”

ಅಜ್ಜಿಯ ಬಾಚಣಿಗೆ ಮತ್ತೆ ಕೂದಲಿಗಿಳಿಯಿತು.

ಆ ನೂರ ಅರವತ್ತು ಫೋನುಗಳಲ್ಲಿ, ಒಂದೊಂದರಲ್ಲೂ ಹತ್ತು ಸಲ, ಅವಳು ಒತ್ತಿದ್ದು ಲಿಫ್ಟ್ ಮೆಕ್ಯಾನಿಕ್‌ನ ನಾಲ್ಕನ್ನು.