ಮೂರನೆಯ ಮಹಡಿಯ ಗುರುತು

ಟೋಕನ್ ಕರೆಯುವ ಮೊದಲೇ ಎದ್ದು ಹೋಗಿಬಿಡಬೇಕೆಂದು ನೀಲಾಬಾಯಿ ಎರಡು ಸಲ ಸೆರಗು ಹೊದ್ದುಕೊಂಡಳು. ಎರಡು ಸಲವೂ ಕೂತೇ ಉಳಿದಳು. ಅವಳ ನಂಬರ್ ಹದಿನಾಲ್ಕು. ಪಕ್ಕದ ಕುರ್ಚಿಯ ದಾವಲಸಾಬನದು ಹದಿನೈದು.

ಮೂವತ್ತು ವರ್ಷ ಹಿಂದಿನ ದಂಗೆಯ ಮಾತು ಕೇಳಲು ಮಾಟುಂಗದ ಆ ಹಾಲ್‌ನಲ್ಲಿ ಒಂದು ನಾಗರಿಕ ಸಮಿತಿ ಕೂತಿತ್ತು. ಪೊಲೀಸರಿಲ್ಲ, ಶಿಕ್ಷೆಯಿಲ್ಲ. ಕಟ್ಟಳೆ ಒಂದೇ. ತಪ್ಪು ಮಾಡಿದವರು ನೋವುಂಡವರ ಎದುರಿಗೇ ಹೇಳಬೇಕು. ಬೆಳಗಿನಿಂದ ಬಂದವರೆಲ್ಲ ನೋವುಂಡವರೇ. ಬೆಂಕಿ ಹಚ್ಚಿದವರು ಒಬ್ಬರೂ ಬಂದಿರಲಿಲ್ಲ.

"ಇಂಥಾ ಹಾಲಿಗೆ ಲಗ್ನಕ್ಕಷ್ಟ ಬರ್ತಿದ್ವಿ ನೋಡ ನೀಲವ್ವ," ಎಂದ ದಾವಲಸಾಬ. "ಇವತ್ತ ಊಟಾನೂ ಇಲ್ಲ, ವಾಲಗಾನೂ ಇಲ್ಲ."

ಅವಳು ನಗಲಿಲ್ಲ. "ನೀ ಯಾಕ ಟೋಕನ್ ತಗೊಂಡಿ, ದಾವಲಣ್ಣ? ಇಷ್ಟು ವರ್ಷ ಮಂದಿ ಕರದ್ರೂ ಒಂದು ಅರ್ಜಿ ಬರೀಲಿಲ್ಲ ನೀ."

"ನಮ್ಮ ಬಿಲ್ಡಿಂಗ್ ಕೆಡವತಾರಲ್ಲ ಮುಂದಿನ ತಿಂಗಳ. ಆಮ್ಯಾಲ ನೀ ಎಲ್ಲೋ, ನಾ ಎಲ್ಲೋ. ಒಂದು ಮಾತು ಉಳದೈತಿ. ಮುಗಿಸಿಬಿಡೂಣು ಅಂತ ಬಂದೆ."

ಆ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ದಂಗೆಯ ದಿನ ಅವನ ಬಾಗಿಲಿಗೆ, ಸುಡಬೇಕಾದ ಮನೆಯೆಂದು, ಗುರುತು ಹಾಕಿದವರು ಯಾರೆಂದು ಕೊನೆಗೂ ಅವನು ಎಲ್ಲರೆದುರು ಕೇಳಲಿದ್ದಾನೆ. ಅವನು ಕೇಳುವ ಮೊದಲು ತಾನು ಹೇಳಬೇಕು.

ಆಂಟಾಪ್ ಹಿಲ್‌ನ ಆ ಚಾಳಿನ ಮೂರನೆಯ ಮಹಡಿಯಲ್ಲಿ ಮೊದಲ ಖೋಲಿ ಅವಳದು, ಕೊನೆಯದು ಅವನದು. ಇಬ್ಬರೂ ವಿಜಯಪುರದ ಕಡೆಯವರು. ಮೊಹರಂ ಬಂದರೆ ಅವಳ ಗಂಡ ಅಣವೀರಪ್ಪ ರಿವಾಯತ್ ಪದ ಎತ್ತುತ್ತಿದ್ದ, ದಾವಲಸಾಬ ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದ. ಅಲಾಯಿ ದೇವರ ಹಸಿರು ಬಟ್ಟೆ ಎರಡೂ ಬಾಗಿಲಿಗೆ ಕಟ್ಟಿರುತ್ತಿತ್ತು. ದಂಗೆಯ ನಂತರ ಯಾರೂ ಪದ ಎತ್ತಲಿಲ್ಲ. ಅಣವೀರಪ್ಪ ಸಾಯುವ ಹೊತ್ತಿಗೆ ಅವನಿಗೆ ಒಂದು ನುಡಿಯೂ ನೆನಪಿರಲಿಲ್ಲ.

ಆ ಮಹಡಿಯಲ್ಲಿ ಮುಸಲ್ಮಾನರ ಮನೆ ಒಂದೇ. ಸುಟ್ಟದ್ದೂ ಅದೊಂದೇ. ಖಾಲಿ ಎಂದು ಕಾಣಲಿ ಎಂದು ದಾವಲಸಾಬ ಹೆಂಡತಿ ನಿಶಾತಳನ್ನು ಒಳಗಿರಿಸಿ, ಹೊರಗಿನಿಂದ ಬೀಗ ಹಾಕಿ, ಟೆಂಪೋ ತರಲು ಧಾರಾವಿಗೆ ಓಡಿದ್ದ. ಬರುವಷ್ಟರಲ್ಲಿ ಬೀಗ ಮಾತ್ರ ಉಳಿದಿತ್ತು.

ಆಮೇಲೆ ಅವನು ಅದೇ ಖೋಲಿಗೆ ಸುಣ್ಣ ಬಳಿದು ಅಲ್ಲೇ ಉಳಿದ. ಟೇಲರ್. ನೀಲಾಬಾಯಿಯ ಮಗಳು ರಂಜನಾಳ ಲಗ್ನದ ಬ್ಲೌಸುಗಳನ್ನೆಲ್ಲ ಅವನೇ ಹೊಲಿದ. ಅಣವೀರಪ್ಪನ ಚಟ್ಟಕ್ಕೆ ಹೆಗಲು ಕೊಟ್ಟ. ಆದರೆ ಅವಳ ಬಾಗಿಲಿಗೆ ಮಾತ್ರ ಬರುತ್ತಿರಲಿಲ್ಲ. ಗ್ಯಾಲರಿಯ ಕಟಾಂಜನಕ್ಕೆ ಒರಗಿ, ಮುಖ ಅಂಗಳದ ಕಡೆ ಮಾಡಿ, "ನೀಲವ್ವ" ಎಂದು ಕೂಗುತ್ತಿದ್ದ. ಗುರುತು ಹಾಕಿದವರು ಯಾರೆಂದು ಜನ ಕೇಳಿದರೆ, "ದೇವರಿಗೆ ಗೊತ್ತು" ಎನ್ನುತ್ತಿದ್ದ.

ಇವನಿಗೂ ಗೊತ್ತು ಎಂದುಕೊಂಡೇ ಅವಳು ಮೂವತ್ತು ವರ್ಷ ಕಳೆದಿದ್ದಳು. ಅವನು ಹೊಲಿದ ಒಂದೊಂದು ಬ್ಲೌಸೂ ಒಂದೊಂದು ಏಟಾಗಿತ್ತು.

"ನಂಬರ್ ಫೋರ್ಟೀನ್," ಎಂದಳು ಮೇಜಿನ ಹಿಂದಿನ ಹುಡುಗಿ ವಾರಿಜಾ. "ಬನ್ನಿ ಅಮ್ಮ. ನೀವು ಯಾರಿಗೆ ಹೇಳ್ಬೇಕು? ಅವರು ಬಂದಿದ್ದಾರಾ?"

"ಇಲ್ಲೇ ಅದಾನ," ಎಂದಳು ನೀಲಾಬಾಯಿ.

ದಾವಲಸಾಬ ತಲೆ ಎತ್ತಿದ. ವಾರಿಜಾ ಕೈಸನ್ನೆ ಮಾಡಿದಳು. ಅವನು ಬಂದು ಎದುರಿನ ಕುರ್ಚಿಯಲ್ಲಿ ಕೂತ.

ನೀಲಾಬಾಯಿ ಹೇಳಿದಳು. ಅಳಲಿಲ್ಲ. ಅಂಗಡಿ ಸಾಮಾನಿನ ಯಾದಿ ಓದಿದ ಹಾಗೆ ಹೇಳಿದಳು.

"ಅವತ್ತ ಮಧ್ಯಾಹ್ನ ಹೊರಗ ಬಂದ್ರ ನಮ್ಮ ಬಾಗಲಿಗೆ ಸೀಮೆಸುಣ್ಣದ ಗುರುತಿತ್ತು. ಗುರುತಿದ್ದ ಮನಿ ಸುಡತಾರಂತ ಕೆಳಗ ಮಂದಿ ಅಂತಿದ್ರು. ಹಸರ ಬಟ್ಟಿ ನೋಡಿ ನಮ್ಮನ್ನ ಮುಸಲರಂತ ತಿಳದಾರ, ತಪ್ಪಿ ಹಾಕ್ಯಾರ ಅಂದಕೊಂಡೆ. ಒಳಗ ರಂಜನಾ ಮಲಗಿದ್ಲು. ಒರಸಿದೆ. ಬರೇ ಒರಸಿದ್ರ ಆಗೂದಿಲ್ಲ, ಅವರ ಯಾದಿಯೊಳಗ ಮೂರನೇ ಮಾಳಿಗಿಗೆ ಒಂದು ಮನಿ ಐತಿ, ಹುಡುಕ್ಯಾಡತಾರ. ನಿನ್ನ ಬಾಗಲಿಗೆ ಕೀಲಿ ಇತ್ತು. ನೀವು ಇಬ್ರೂ ಹೋಗೀರಿ, ಖಾಲಿ ಐತಿ ಅಂತ ತಿಳದೆ. ರಂಜನಾನ ಪಾಟಿ ಮ್ಯಾಲ ಬಳಪ ಇತ್ತು. ಅದನ್ನ ತಗೊಂಡು ನಾನ ನಿನ್ನ ಬಾಗಲಿಗೆ ಹಾಕಿದೆ, ದಾವಲಣ್ಣ."

ವಾರಿಜಾ ಬರೆಯುವುದನ್ನು ನಿಲ್ಲಿಸಿದ್ದಳು. ದಾವಲಸಾಬ ತನ್ನ ಅಂಗೈಯನ್ನೇ ನೋಡಿಕೊಂಡ. ಅವನ ಮುಖದಲ್ಲಿ ಸಿಟ್ಟು ಹುಡುಕಿದಳು ನೀಲಾಬಾಯಿ. ಸಿಟ್ಟಿರಲಿಲ್ಲ. ಈ ಮಾತನ್ನು ಅವನು ಇವತ್ತೇ ಮೊದಲ ಸಲ ಕೇಳುತ್ತಿದ್ದಾನೆಂದು ಅವಳಿಗೆ ಅರಿವಾಯಿತು.

"ನೀ ಹಾಕಿದ್ದಾ?" ಎಂದ ಅವನು. "ನೀನಾ?"

"ಹೌದು."

"ನಾ ಅವರು ತಿರುಗಿ ಬಂದು ಹಾಕ್ಯಾರ ಅಂತ ತಿಳದಿದ್ದೆ."

"ತಿರುಗಿ?" ಎಂದಳು ನೀಲಾಬಾಯಿ.

"ಅಜ್ಜ," ವಾರಿಜಾ ಮೆಲ್ಲಗೆ ಕೇಳಿದಳು, "ನಿಮಗೆ ಇವರ ಹತ್ರ ಏನಾದ್ರೂ ಕೇಳ್ಲಿಕ್ಕುಂಟಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಹದಿನೈದನೆಯ ಟೋಕನ್ನನ್ನು ಮೇಜಿನ ಮೇಲಿಟ್ಟ.

"ಅವರು ತಪ್ಪಿ ಹಾಕಿರಲಿಲ್ಲ, ನೀಲವ್ವ. ಮೊದಲ ನನ್ನ ಬಾಗಲಿಗೇ ಹಾಕಿದ್ರು. ಅದನ್ನ ಒರಸಿ, ನಿನ್ನ ಬಾಗಲಿಗೆ ಬರದು, ಆಮ್ಯಾಲ ಕೀಲಿ ಹಾಕಿ ಹೋದಾಂವ ನಾನು."