ಸಹಿಯ ಹಾಳೆ

“ಅಣ್ಣಾ, ಠಾಣ್ಯಾಗ ನಿನಗ ಎದ್ದು ನಿಂತು ಸಲಾಂ ಹೊಡೀತಾರ. ನನ್ನ ಮಗನ ಸಲುವಾಗಿ ಒಂದ ಮಾತು ಕೇಳಾಕ ಬಾಯಿ ಬರಲಿಲ್ಲೇನು?”

ವಕೀಲರ ಕಚೇರಿಯ ಮೆಟ್ಟಿಲ ಮೇಲೆಯೇ ರತ್ನಾಬಾಯಿ ತಡೆದು ಕೇಳಿದಳು. ಅವಳ ಅಣ್ಣ ಗುರುಶಾಂತ, ಸೊಲ್ಲಾಪುರದ ನಿವೃತ್ತ ಕಾರಕೂನ, ಠಾಣೆಯಲ್ಲಿ ಹವಾಲ್ದಾರನ ಸಲಾಮಿಗೂ ತಲೆ ಎತ್ತದೆ ಬಂದಿದ್ದ. ಈಗಲೂ ಎತ್ತಲಿಲ್ಲ.

ಹೇಗೆ ಎತ್ತಿಯಾನು? ತಂಗಿಯ ಒಬ್ಬನೇ ಮಗ ಸಿದ್ರಾಮ ಜೈಲಿನಲ್ಲಿದ್ದ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಗ್ಗ ನಡೆಸುವ ಹುಡುಗ. ಅವನ ಪೆಟ್ಟಿಗೆಯಲ್ಲಿ ಪಿಸ್ತೂಲು ಸಿಕ್ಕಿತಂತೆ. ಗೂಂಡಾ ಟೋಳಿಗಳನ್ನೂ ಭಯೋತ್ಪಾದಕರನ್ನೂ ಒಂದೇ ಹಗ್ಗದಲ್ಲಿ ಬಿಗಿಯುವ ಮೋಕ್ಕಾ ಕಾಯ್ದೆ ಆ ವರ್ಷವಷ್ಟೇ ಬಂದಿತ್ತು. ಅದನ್ನೇ ಅವನ ಮೇಲೆ ಹಾಕಿದ್ದರು. ಅದರಲ್ಲಿ ಸಿಕ್ಕವನಿಗೆ ಜಾಮೀನು ದೂರದ ಮಾತು. ಸೋದರಮಾವನಿಗೆ ಓಣಿಯಲ್ಲಿ ಮುಖ ಎತ್ತಿ ತಿರುಗುವುದೇ ಆಗುತ್ತಿರಲಿಲ್ಲ.

ವಕೀಲೆ ಸ್ನೇಹಲ ಇವರಿಬ್ಬರನ್ನೂ ನೋಡಿದ್ದು ಅಂದೇ ಮೊದಲು. ಗುರುಶಾಂತ ಕೋರ್ಟಿನಿಂದ ತಂದಿದ್ದ ನಕಲುಗಳನ್ನು ತಿರುವಿ ರತ್ನಾಬಾಯಿಗೆ ಹೇಳಿದಳು.

“ಮಾವಶಿ, ಪಿಸ್ತೂಲ ಸಿಕ್ಕದ್ದು ಕಂಡೀವಿ ಅಂತ ಇಬ್ಬರು ಪಂಚರು ಸಹಿ ಮಾಡ್ಯಾರ. ಇಂಥವರು ಠಾಣ್ಯಾಗ ಕಾಯಂ ಇರತಾರ. ಖಾಲಿ ಹಾಳಿ ಮ್ಯಾಲ ಮೊದಲ ಸಹಿ ಹಾಕಿಸಿ ಇಡತಾರ, ಕೇಸ್ ಬಂದಾಗ ತುಂಬತಾರ. ಯಾರ ಮ್ಯಾಲ ಅಂತ ಸಹಿ ಮಾಡಿದವಗೂ ಗೊತ್ತಿರೂದಿಲ್ಲ. ಒಬ್ಬನರೆ ಕೋರ್ಟಿನ್ಯಾಗ ನಿಂತು, ನಾ ಅಲ್ಲಿ ಇರಲೇ ಇಲ್ಲ ಅಂದ್ರ ಸಿದ್ರಾಮ ಉಳೀತಾನ.”

“ಹಂಗಂದವನ ಗತಿ?” ಗುರುಶಾಂತ ಕೇಳಿದ.

“ಅವನ ಮ್ಯಾಲೇ ಕೇಸ್ ಆಗಬಹುದು, ಮಾಮಾ. ಅವನ ಸಹಿಯಿಂದ ಒಳಗ ಹೋದವರೆಲ್ಲಾ ಎದ್ದು ಕೇಳತಾರ.”

“ಕೇಳಲಿ,” ಎಂದಳು ರತ್ನಾಬಾಯಿ. “ಒಂದ ಕಪ್ ಚಹಾಕ್ಕ ಮಂದಿ ಮಕ್ಕಳನ್ನ ಮಾರಾಂವ. ಅವನ ಕೈಗೆ ಹುಳಾ ಬೀಳಲಿ.”

ಗುರುಶಾಂತ ತಂಗಿಯ ಕಡೆ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತ.

“ಆದರ ಪಂಚರ ಹೆಸರು ಇರೋ ಹಾಳೀನ ಇದರಾಗ ಇಲ್ಲಲಾ,” ಎಂದಳು ಸ್ನೇಹಲ.

ಗುರುಶಾಂತ ಒಳಜೇಬಿಗೆ ಕೈ ಹಾಕಿದ. ನಾಲ್ಕು ಮಡಿಕೆಯಾಗಿದ್ದ ಕಾಗದ ತೆಗೆದು ಮೇಜಿನ ಮೇಲಿಟ್ಟ.

“ಇದು ಕೈಗೆ ಬಂದು ಎಂಟು ದಿನ ಆತು, ಯಾರಿಗೂ ತೋರಸಾಕ ಧೈರ್ಯ ಆಗಲಿಲ್ಲ. ಎರಡನೇದವ ಸಾಕ್ಷಿ ಹೇಳತಾನ. ಬರಕೋರಿ.”

ಸ್ನೇಹಲ ಕಾಗದ ಬಿಡಿಸಿ, ಪೆನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

“ಪಂಚ ನಂಬರ ಎರಡು, ಗುರುಶಾಂತ ಮಲಕಾಜಪ್ಪ, ನಿವೃತ್ತ ಕಾರಕೂನ. ಯಾರಿವರು, ಮಾಮಾ?”