ಅರವತ್ತನೆಯ ಪರದೆ

“ಈ ಲೈಸೆನ್ಸ್ ಬೇರೆಡೆ ಬಳಕೆಯಲ್ಲಿದೆ” ಎಂಬ ಹಾಳು ಸಾಲು ಇವತ್ತೂ ಬರುತ್ತದೇನೋ ಎಂದು ಹೊಸ ಸಿಸ್ಟಮ್ ಅಡ್ಮಿನ್ ಉಸಿರು ಬಿಗಿಹಿಡಿದು ನಿಂತಿದ್ದಳು. ನಕ್ಷೆ ಕಚೇರಿಯ, ಸರ್ವರ್‌ನಲ್ಲೇ ಓಡುವ ಅರವತ್ತು ವರ್ಚುವಲ್ ಡೆಸ್ಕ್‌ಟಾಪ್‌ಗಳೂ ಒಂದೇ ಮಾದರಿಯ ನಕಲುಗಳು. ಹಿಂದಿನವನು ಮಾದರಿಗೇ ನಕ್ಷೆ ತಂತ್ರಾಂಶದ ಲೈಸೆನ್ಸ್ ಹಾಕಿ ನಕಲು ತೆಗೆದು, ಎಲ್ಲಕ್ಕೂ ಅದೇ ಒಂದು ಲೈಸೆನ್ಸ್ ಹೋಗಿ ಕೈಸುಟ್ಟುಕೊಂಡಿದ್ದ. ಇವಳು ಮಾದರಿಯನ್ನು ಖಾಲಿ ಬಿಟ್ಟು, ಲಾಗಿನ್ ಆದವರಿಗೆ ಒಂದೊಂದು ಲೈಸೆನ್ಸ್ ಸಿಗುವಂತೆ ಮಾಡಿದ್ದಳು.

ಐವತ್ತೊಂಬತ್ತು ಪರದೆಗಳು ಸಲೀಸಾಗಿ ತೆರೆದವು. ಉಳಿದದ್ದು ಹಿರಿಯ ನಕ್ಷೆಗಾರ್ತಿಯದು, ಅಂದರೆ ಇವಳ ಸ್ವಂತ ಅಮ್ಮನದು. “ಕೆಲಸ ಸರಿಹೋಗೋವರೆಗೂ ನನ್ನ ಮಗಳು ಅಂತ ಆಫೀಸಲ್ಲಿ ಬಾಯಿಬಿಡಬೇಡ” ಎಂದು ಮನೆಯಲ್ಲೇ ತಾಕೀತು ಮಾಡಿದ್ದಳು ಅಮ್ಮ.

ಅಮ್ಮ ಪಾಸ್‌ವರ್ಡ್ ಒತ್ತಿದ್ದೇ ತಡ, ಅರ್ಧಕ್ಕೆ ನಿಂತಿದ್ದ ನಕ್ಷೆ ಪರದೆ ತುಂಬ ಮೂಡಿತು. ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಎದ್ದು ನಿಂತು, ಇಡೀ ಕಚೇರಿಗೆ ಕೇಳುವಂತೆ ಅಂದಳು: “ಯಾರಾದ್ರೂ ಕೇಳ್ರಪ್ಪಾ, ಇವಳು ಯಾರ ಮಗಳು ಅಂತ!”